ಕೆರೆ ದಂಡೆಯಲ್ಲಿ ವರ್ಷದ ಲೆಕ್ಕ ಇಡುವುದು ಹೇಗೆ?

ಜನವರಿಯಲ್ಲಿ ದಪ್ಪ ಡೈರಿ ಕೊಂಡು, ಕಂಡ ಹಕ್ಕಿ, ಹೂವು, ಚಿಟ್ಟೆಗಳನ್ನೆಲ್ಲ ಬರೆದು, ಶಿವರಾತ್ರಿ ಹೊತ್ತಿಗೆ ಕೈಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲವನ್ನೂ ಬರೆಯಲು ಹೋದರೆ ಹಾಗೇ ಆಗುವುದು. ಸ್ವಲ್ಪ ಬರೆಯಿರಿ, ಆದರೆ ತಪ್ಪದೆ ಬರೆಯಿರಿ.

ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ. ಸುತ್ತ ಮರಗಳ ನೆರಳಲ್ಲಿ ನಡೆಯುವ ದಾರಿ, ನೀರಿನ ನಡುವೆ ಹಕ್ಕಿಗಳು ಗೂಡು ಕಟ್ಟುವ ನಡುಗಡ್ಡೆ. ನಿಮ್ಮೂರಿನ ಕೆರೆಯೂ ನಡೆಯುತ್ತದೆ.

ಮೊದಲು ಸಾಮಾನು. ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಜೆಲ್ ಪೆನ್ನು ಬೇಡ, ಮಳೆಹನಿ ಬಿದ್ದರೆ ಪುಟವೆಲ್ಲ ನೀಲಿ. ಬೈನಾಕ್ಯುಲರ್ ಕೊಳ್ಳುವುದಾದರೆ 8x42 (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಅಗಲದ ಮಸೂರದ್ದು) ಕೊಳ್ಳಿ. ‘100 ಪಟ್ಟು ಜೂಮ್’ ಅಂತ ಅಗ್ಗಕ್ಕೆ ಮಾರುವುದರಲ್ಲಿ ಹಕ್ಕಿಗಿಂತ ನಿಮ್ಮ ಕೈನಡುಕವೇ ಜಾಸ್ತಿ ಕಾಣುತ್ತದೆ.

ಎರಡನೆಯದು, ಮೂರು ಮರ ಆರಿಸಿ. ನನ್ನ ಕೇಳಿದರೆ ಹೊಂಗೆ, ಅರಳಿ, ಕಕ್ಕೆ. ಗುರುತಿಗೆ ಮೊಳೆ ಹೊಡೆಯಬೇಡಿ. ‘ಎರಡನೇ ಬೆಂಚಿನ ಎಡಕ್ಕೆ’ ಅಂತ ಬರೆದುಕೊಂಡರೆ ಸಾಕು.

ಇನ್ನು ಎಲ್ಲರೂ ಎಡವುವ ಜಾಗ. ವಾರಕ್ಕೊಮ್ಮೆ ಹೋಗಿ ಅದೇ ಮರದ ಕೆಳಗೆ ನಿಂತು ನಾಲ್ಕು ಸಂಗತಿ ನೋಡಬೇಕು: ಚಿಗುರು, ಬಲಿತ ಎಲೆ, ಹೂವು, ಕಾಯಿ. ಪ್ರತಿಯೊಂದರ ಮುಂದೆ ‘ಇಲ್ಲ’, ‘ಸ್ವಲ್ಪ’, ‘ಜಾಸ್ತಿ’ ಇವುಗಳಲ್ಲಿ ಒಂದು. ದೇಶದ ಮರಗಳ ಋತುಮಾನ ದಾಖಲಿಸುವ ಸೀಸನ್‌ವಾಚ್‌ನವರ ಕ್ರಮವೂ ಹೆಚ್ಚುಕಡಿಮೆ ಇದೇ. ‘ಇಲ್ಲ’ ಎಂಬುದನ್ನು ಯಾರೂ ಬರೆಯುವುದಿಲ್ಲ. ಹೂ ಬಿಟ್ಟಾಗ ಮಾತ್ರ ಪುಸ್ತಕ ತೆಗೆಯುತ್ತಾರೆ. ಹಿಂದಿನ ವಾರ ಹೂವಿರಲಿಲ್ಲ ಅಂತ ಬರೆದಿಡದಿದ್ದರೆ ಈ ವಾರವೇ ಶುರುವಾಯಿತು ಅಂತ ಹೇಗೆ ಹೇಳುತ್ತೀರಿ?

ಹೊಂಗೆ ಸರಿಯಾಗಿ ಆಟ ಆಡಿಸುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಎಲೆ ಉದುರಿಸಿ, ನೀವು ಒಂದು ವಾರ ತಪ್ಪಿಸಿದರೆ ಅಷ್ಟರಲ್ಲಿ ಹೊಸ ಹಸಿರು ಹೊದ್ದು ನಿಂತಿರುತ್ತದೆ. ಆಮೇಲೆ ನೆಲದ ತುಂಬ ಹೂವು. ನೆಲ ನೋಡಿ ‘ಹೂವು ಜಾಸ್ತಿ’ ಅಂತ ಬರೆಯಬೇಡಿ, ಕತ್ತೆತ್ತಿ ಕೊಂಬೆ ನೋಡಿ. ಕೊಂಬೆಯಲ್ಲಿ ಕಂದು ಕಾಯಿ ಕಂಡರೆ ಅದು ಕಳೆದ ವರ್ಷದ್ದು. ಹೊಂಗೆಕಾಯಿ ಬಲಿಯಲು ಹೆಚ್ಚುಕಡಿಮೆ ವರ್ಷವೇ ಬೇಕು, ಹಾಗಾಗಿ ಹಳೆ ಕಾಯಿ, ಹೊಸ ಹೂವು ಒಟ್ಟಿಗೇ ಇರಬಹುದು. ಅರಳಿಯ ತಾಮ್ರದ ಬಣ್ಣದ ಚಿಗುರನ್ನು ದೂರದಿಂದ ನೋಡಿ ಹೂವು ಅಂದುಕೊಳ್ಳುವವರೂ ಇದ್ದಾರೆ. ಅರಳಿಯ ಹೂವು ಹೊರಗೆ ಕಾಣುವುದೇ ಇಲ್ಲ, ಆ ಪುಟ್ಟ ಹಣ್ಣಿನೊಳಗೇ ಅಡಗಿರುತ್ತದೆ. ಅದಕ್ಕೆ ಹೂವಿನ ಕಲಂನಲ್ಲಿ ಸುಮ್ನೆ ಒಂದು ಗೆರೆ ಎಳೆದುಬಿಡಿ. ಕಕ್ಕೆ ಬಿಡಿ, ಏಪ್ರಿಲ್-ಮೇನಲ್ಲಿ ಹಳದಿ ಗೊಂಚಲು ಇಳಿಬಿಟ್ಟಾಗ ಕುರುಡನಿಗೂ ಗೊತ್ತಾಗುತ್ತದೆ.

ನೆಲದ ಹೂಗಳು ಮಳೆಗಾಲದ ವಿಷಯ. ತುಂಬೆ, ಮುಟ್ಟಿದರೆ ಮುನಿ, ವಿಷ್ಣುಕ್ರಾಂತಿ ಇಷ್ಟರಿಂದ ಶುರುಮಾಡಿ. ಹೆಸರು ಹೇಳುವ ಆ್ಯಪ್‌ಗೆ ಬರೀ ಹೂವಿನ ಫೋಟೊ ತೋರಿಸಿದರೆ ಬಾಯಿಗೆ ಬಂದ ಹೆಸರು ಹೇಳುತ್ತದೆ. ಎಲೆ, ಕಾಂಡ, ಹೂವಿನ ಹಿಂಭಾಗ ಮೂರನ್ನೂ ತೆಗೆಯಿರಿ. ಕೀಳಬೇಡಿ.

ಹಕ್ಕಿಗಳಲ್ಲಿ ವರ್ಷಪೂರ್ತಿ ಕಾಣುವವನ್ನು ಬಿಟ್ಟು, ಬಂದು ಹೋಗುವವನ್ನು ಹಿಡಿಯಿರಿ. ಬಾಲ ಕುಣಿಸುತ್ತ ಓಡಾಡುವ ಬೂದು ಸಿಪಿಲೆ ಸೆಪ್ಟೆಂಬರ್ ಹೊತ್ತಿಗೆ ಹಿಮಾಲಯದ ಕಡೆಯಿಂದ ಇಳಿಯುತ್ತದೆ. ಮೊದಲು ಕಂಡ ದಿನ, ಕೊನೆಗೆ ಕಂಡ ದಿನ ಬರೆದರೆ ಸಾಕು. ನಡುಗಡ್ಡೆಯಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವಾಗ ದಂಡೆಯಿಂದಲೇ ನೋಡಿ. ಡ್ರೋನ್ ಹಾರಿಸಬೇಡಿ, ಗೂಡು ಬಿಟ್ಟು ಎದ್ದರೆ ಮೊಟ್ಟೆಗೆ ಕಾಗೆ ಕಾದಿರುತ್ತದೆ.

ತಾರೀಖಿನ ಪಕ್ಕ ಮಳೆ ನಕ್ಷತ್ರವನ್ನೂ ಬರೆಯಿರಿ. ಇದು ನನ್ನ ಹಟ. ಭರಣಿ, ರೋಹಿಣಿ, ಆರಿದ್ರಾ, ಹಸ್ತ, ಒಂದೊಂದೂ 13-14 ದಿನ, ಗೋಡೆ ಕ್ಯಾಲೆಂಡರಿನಲ್ಲೇ ಇರುತ್ತದೆ. ಯುಗಾದಿಗೆ, ಗೌರಿಹಬ್ಬಕ್ಕೆ ಅಂತ ಮಾತ್ರ ಬರೆದಿಟ್ಟರೆ ಮುಂದಿನ ವರ್ಷಕ್ಕೆ ತಾಳೆ ಹಾಕಲು ಬರುವುದಿಲ್ಲ. ಅಧಿಕಮಾಸ ಕಳೆದ ಮೇಲೆ ಬರುವ ಹಬ್ಬಗಳು ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ಮೂರು ವಾರ ಮುಂದಕ್ಕೆ ಹೋಗುತ್ತವೆ. ಮಳೆ ನಕ್ಷತ್ರ ಸೂರ್ಯನ ಲೆಕ್ಕದ್ದು, ಒಂದೆರಡು ದಿನಕ್ಕಿಂತ ಆಚೀಚೆ ಆಗುವುದಿಲ್ಲ.