ಮನೆಯಲ್ಲೇ ಕೊರೆದ ಮುದ್ರೆ, ಕೈಯಲ್ಲೇ ಹೊಲಿದ ಪುಸ್ತಕ

ಸಂಕ್ರಾಂತಿಯಲ್ಲಿ ಎಳ್ಳು ಬೀರುವಾಗ ಪೊಟ್ಟಣದ ಜೊತೆಗೆ ಒಂದು ಪುಟ್ಟ ಶುಭಾಶಯ ಪತ್ರವನ್ನೂ ಇಡುವ ರೂಢಿ ನಮ್ಮ ಮನೆಯಲ್ಲಿ ಬಹಳ ವರ್ಷಗಳಿಂದ ಇದೆ. ಮುದ್ರೆ ಒತ್ತುವುದು ಕ್ಷಣದ ಕೆಲಸ. ಪತ್ರ ಚೆನ್ನಾಗಿ ಬರುವುದೂ ಕೆಡುವುದೂ ಅದಕ್ಕೆ ಮುಂಚಿನ ಸಿದ್ಧತೆಯಿಂದಲೇ ಎಂಬುದನ್ನು ನಾನು ಅನೇಕ ಹಾಳೆಗಳನ್ನು ಹಾಳು ಮಾಡಿಯೇ ಕಲಿತೆ.

ಒಮ್ಮೆ ಗೃಹಪ್ರವೇಶಕ್ಕೆಂದು ನಲವತ್ತು ಪತ್ರಗಳನ್ನು ಮಿರುಗುವ ಹಾಳೆಯ ಮೇಲೆ ಒತ್ತಿ, ಆ ರಾತ್ರಿಯೇ ಲಕೋಟೆಗಳಿಗೆ ತುಂಬಿಟ್ಟೆ. ಬೆಳಿಗ್ಗೆ ತೆಗೆದು ನೋಡಿದರೆ ನೇರಳೆ ಶಾಯಿ ಲಕೋಟೆಗೆಲ್ಲ ಮೆತ್ತಿಕೊಂಡಿತ್ತು. ಕಚೇರಿಗಳಲ್ಲಿ ಬಳಸುವ ಸ್ಟಾಂಪ್ ಪ್ಯಾಡಿನ ಶಾಯಿಯಲ್ಲಿ ಪ್ಯಾಡ್ ಒಣಗದಿರಲೆಂದು ಗ್ಲಿಸರಿನ್‌ನಂಥ ದ್ರವ ಸೇರಿರುವುದರಿಂದ, ಕಾಗದ ಅದನ್ನು ಹೀರಿಕೊಂಡರೆ ಮಾತ್ರ ಅಚ್ಚು ನಿಲ್ಲುತ್ತದೆ. ಆದ್ದರಿಂದ ಹೊಳಪಿಲ್ಲದ, ಸುಮಾರು 200 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ ಗ್ರಾಂಗಳಲ್ಲಿ) ದಪ್ಪದ ಡ್ರಾಯಿಂಗ್ ಶೀಟನ್ನೇ ಆರಿಸಿಕೊಳ್ಳಿರಿ. ಎ4 ಹಾಳೆಯನ್ನು ಅಡ್ಡಕ್ಕೆ ಎರಡಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಮಡಚಿದರೆ ಅಂಗೈಯಗಲದ ಎರಡು ಪತ್ರಗಳಾಗುತ್ತವೆ. ಮಡಚುವ ಜಾಗದಲ್ಲಿ ಸ್ಕೇಲ್ ಇಟ್ಟು, ಶಾಯಿ ಮುಗಿದ ಬಾಲ್ ಪೆನ್ನಿನಿಂದ ಒಂದು ಗೀರು ಎಳೆದುಕೊಂಡರೆ ಮಡಿಕೆಯ ಅಂಚು ಸಿಬಿರೇಳುವುದಿಲ್ಲ.

ಅಂಗಡಿಯ ಮುದ್ರೆಗಳು ಸಿಗುತ್ತವೆಯಾದರೂ, ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರಿನಲ್ಲಿ ನಾವೇ ಕೊರೆದುಕೊಳ್ಳುವುದರ ಸೊಗಸೇ ಬೇರೆ. ಅಕ್ಷರವನ್ನು ಬಟರ್ ಪೇಪರಿನ ಮೇಲೆ ಮೆತ್ತನೆಯ ಪೆನ್ಸಿಲಿನಲ್ಲಿ ನೇರವಾಗಿಯೇ ಬರೆದು, ಅದನ್ನು ರಬ್ಬರಿನ ಮೇಲೆ ಕವುಚಿ ಉಗುರಿನಿಂದ ಉಜ್ಜಿರಿ. ಅಕ್ಷರ ತಾನಾಗಿಯೇ ತಿರುಗುಮುರುಗಾಗಿ ಮೂಡುವುದರಿಂದ ಒತ್ತಿದಾಗ ಸರಿಯಾಗಿ ಓದಿಸಿಕೊಳ್ಳುತ್ತದೆ. ನಮ್ಮ ಅಕ್ಷರಗಳು ದುಂಡು. ಬ್ಲೇಡನ್ನು ತಿರುಗಿಸಲು ಹೋದರೆ ಗೆರೆ ಮುರಿಯುತ್ತದೆ, ಬ್ಲೇಡನ್ನು ಹಾಗೆಯೇ ಹಿಡಿದು ರಬ್ಬರನ್ನು ತಿರುಗಿಸುತ್ತ ಹೋಗಬೇಕು. ಗೆರೆಯ ಬುಡ ಅಗಲವಾಗಿರುವಂತೆ ಬ್ಲೇಡನ್ನು ಹೊರಕ್ಕೆ ಓರೆಯಾಗಿಸಿ ಕೊರೆದರೆ ಒತ್ತಿದಾಗ ಅಕ್ಷರ ಬಳುಕುವುದಿಲ್ಲ. ‘ಶುಭ’ ಎಂದು ಕೊರೆಯುವಾಗ ಭಕಾರದ ಕೆಳಗಿನ ಸಣ್ಣ ಸೀಳಿನ ಮೇಲೆ ಕಣ್ಣಿರಲಿ. ಅದು ಹಾರಿಹೋಗಿ ಒಂದು ವರ್ಷ ನಾನು ಬೀದಿಗೆಲ್ಲ ‘ಶುಬ’ವನ್ನೇ ಹಂಚಿದ್ದೇನೆ. ಮಕ್ಕಳ ಕೈಗೆ ಬ್ಲೇಡ್ ಬೇಡ; ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿ ಲೋಳೆಯನ್ನು ಬಟ್ಟೆಯಲ್ಲಿ ಒರೆಸಿಕೊಟ್ಟರೆ ಐದೆಸಳಿನ ಹೂವಿನ ಮುದ್ರೆ ಸಿದ್ಧವಾಗಿಯೇ ಇರುತ್ತದೆ.

ಒತ್ತುವಾಗ ಹಾಳೆಯ ಕೆಳಗೆ ನಾಲ್ಕಾರು ಪದರ ಹಳೆಯ ಪೇಪರ್ ಹಾಸಿಕೊಳ್ಳಿರಿ. ದೊಡ್ಡ ಮುದ್ರೆಯಾದರೆ ಅದನ್ನು ಅಂಗಾತ ಇಟ್ಟು, ಪ್ಯಾಡನ್ನೇ ಅದರ ಮೇಲೆ ಮೆಲ್ಲಗೆ ತಟ್ಟಿದರೆ ಶಾಯಿ ಎಲ್ಲ ಕಡೆಗೂ ಸಮನಾಗಿ ಹತ್ತುತ್ತದೆ. ನೇರವಾಗಿ ಒತ್ತಿ ನೇರವಾಗಿಯೇ ಎತ್ತಬೇಕು. ಅತ್ತಿತ್ತ ಓಲಾಡಿಸಿದರೆ ಅಂಚಿನ ಶಾಯಿ ಹಾಳೆಗೆ ತಾಕುತ್ತದೆ. ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಸೀಮೆಎಣ್ಣೆ ಹಚ್ಚಿದರೆ ರಬ್ಬರು ಉಬ್ಬಿ ಕೆಡುತ್ತದೆ.

ಪುಟ್ಟ ಪುಸ್ತಕಕ್ಕೆ ನಾಲ್ಕು ಎ4 ಹಾಳೆಗಳನ್ನು ಒಂದರೊಳಗೊಂದು ಮಡಚಿದರೆ ಹದಿನಾರು ಪುಟಗಳಾಗುತ್ತವೆ. ಹೊಲಿಯುವ ಮೊದಲೇ ಮುದ್ರೆ ಒತ್ತುವುದು ಅನುಕೂಲವಾದರೂ, ಹಾಳೆಗಳನ್ನು ಬಿಡಿಸಿದಾಗ ಒಂದನೆಯ ಪುಟದ ಪಕ್ಕಕ್ಕೆ ಹದಿನಾರನೆಯದು ಬಂದು ಕೂರುವುದರಿಂದ, ರದ್ದಿ ಕಾಗದದಲ್ಲಿ ಒಂದು ಮಾದರಿ ಮಡಚಿ ಪುಟಸಂಖ್ಯೆ ಬರೆದು ಎದುರಿಗಿಟ್ಟುಕೊಳ್ಳಬೇಕು. ಮಡಿಕೆಯ ಉದ್ದಕ್ಕೆ ದಬ್ಬಣದಿಂದ ಮೂರು ತೂತು ಮಾಡಿ, ಮೇಣದಬತ್ತಿಗೆ ಉಜ್ಜಿದ ದಪ್ಪ ದಾರವನ್ನು ಒಳಗಿನಿಂದ ನಡುವಿನ ತೂತಿಗೆ ಪೋಣಿಸಿ ಹೊರತೆಗೆಯಿರಿ. ಮೇಲಿನ ತೂತಿನಿಂದ ಒಳಬಂದು, ಕೆಳಗಿನ ತೂತಿನಿಂದ ಹೊರಹೋಗಿ, ಮತ್ತೆ ನಡುವಿನಿಂದಲೇ ಒಳಬನ್ನಿರಿ. ದಾರದ ಎರಡು ತುದಿಗಳೂ ಒಳಗಿನ ಉದ್ದ ಹೊಲಿಗೆಯ ಆಚೆ ಈಚೆ ಇರುವಂತೆ ನೋಡಿಕೊಂಡು, ಅದರ ಮೇಲೆಯೇ ಗಂಟು ಹಾಕಬೇಕು. ಮಡಚಿದಾಗ ಒಳಹಾಳೆಗಳ ಅಂಚು ಸ್ವಲ್ಪ ಹೊರಚಾಚಿರುತ್ತದೆ. ಸ್ಕೇಲ್ ಒತ್ತಿ ಹಿಡಿದು ಅದನ್ನು ಕತ್ತರಿಸಿ, ಒಂದು ರಾತ್ರಿ ಭಾರವಾದ ನಿಘಂಟಿನ ಕೆಳಗೆ ಇಟ್ಟರೆ ಪುಸ್ತಕ ಬಾಯಿ ಬಿಡದೆ ಮುಚ್ಚಿಕೊಂಡಿರುತ್ತದೆ.