ನಾನೇ ಕಟ್ಟಿದ ಲಿನಕ್ಸ್‌ಗೆ ನೆಟ್ ಬಂದದ್ದು

ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಅಂದರೆ ಪೆನ್‌ಡ್ರೈವ್ ಚುಚ್ಚಿ ಅರ್ಧ ಗಂಟೆಯಲ್ಲಿ ಮುಗಿಸೋ ಕೆಲಸ ಅಲ್ಲ. ಕೋಡನ್ನು ಪ್ರೋಗ್ರಾಂ ಮಾಡಿಕೊಡೋ ಕಂಪೈಲರ್‌ನಿಂದ ಸಿಸ್ಟಮ್ಮಿನ ತಿರುಳಾದ ಕರ್ನಲ್‌ವರೆಗೆ ಎಲ್ಲವನ್ನೂ ಸೋರ್ಸ್ ಕೋಡ್‌ನಿಂದ ನಾವೇ ಕಟ್ಟಬೇಕು. ಕಲಬುರಗಿಯ ಮೇ ತಿಂಗಳ ಬಿಸಿಲು. ಹಳೆ ಡೆಸ್ಕ್‌ಟಾಪಿನ ಪಕ್ಕದ ಮುಚ್ಚಳ ಬಿಚ್ಚಿ, ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ ಕೂತಿದ್ದೆ. "ಮನುಷ್ಯಾರಿಗೆ ಗಾಳಿ ಬ್ಯಾಡೇನೋ?" ಅಂತ ಅವ್ವ ಎರಡು ಸಲ ಕೇಳಿ ಹೋದಳು.

ಹತ್ತನೇ ದಿನ ಸಿಸ್ಟಮ್ ಬೂಟ್ ಆಯಿತು. ಕೇಬಲ್ ಚುಚ್ಚಿದೆ, ರೂಟರಿನ ಹಸಿರು ದೀಪ ಹತ್ತಿತು. ಇನ್ನೇನು ನೆಟ್ ಬಂದೇಬಿಟ್ಟಿತು ಅಂದುಕೊಂಡೆ. ನೆಟ್‌ವರ್ಕ್ ದಾರಿಗಳನ್ನು ತೋರಿಸೋ 'ಐಪಿ ಲಿಂಕ್' ಕಮಾಂಡ್ ಕೊಟ್ಟು ನೋಡಿದರೆ ಕಂಡದ್ದು 'ಎಲ್‌ಒ' ಒಂದೇ. ಅದು ಕಂಪ್ಯೂಟರ್ ತನ್ನ ಜೊತೆ ತಾನೇ ಮಾತಾಡಿಕೊಳ್ಳೋ ದಾರಿ. ಹೊರಗೆ ಹೋಗುವ ದಾರಿಯೇ ಇಲ್ಲ.

ತಪ್ಪು ನನ್ನದೇ. ಕರ್ನಲ್ ಕಟ್ಟುವಾಗ ಬೇಡದ್ದನ್ನೆಲ್ಲ ತೆಗೆಯೋ ಹುರುಪಿನಲ್ಲಿ ನೆಟ್‌ವರ್ಕ್ ಕಾರ್ಡನ್ನು ನಡೆಸೋ ಡ್ರೈವರನ್ನೂ ತೆಗೆದಿದ್ದೆ. ಅದೇ ಡಿಸ್ಕಿನಲ್ಲಿದ್ದ ರೆಡಿಮೇಡ್ ಲಿನಕ್ಸ್ ಉಬುಂಟುಗೆ ಹೋಗಿ, ಒಳಗಿನ ಕಾರ್ಡುಗಳ ಪಟ್ಟಿ ಕೊಡೋ 'ಎಲ್‌ಎಸ್‌ಪಿಸಿಐ' ಕೊಟ್ಟಾಗ ರಿಯಲ್‌ಟೆಕ್ ಚಿಪ್ ಅಂತ ಗೊತ್ತಾಯಿತು. ಅದಕ್ಕೆ ಆರ್8169 ಡ್ರೈವರ್ ಬೇಕು. ಕರ್ನಲ್‌ಗೆ ಏನೇನು ಬೇಕು ಅಂತ ಆರಿಸೋ 'ಮೆನುಕಾನ್ಫಿಗ್'ನಲ್ಲಿ ಗುರುತು ಹಾಕಿ ಮತ್ತೆ ಕಂಪೈಲ್‌ಗೆ ಹಚ್ಚಿದೆ. ಅರ್ಧಕ್ಕೇ ಕರೆಂಟ್ ಹೋಯಿತು! ಪುಣ್ಯಕ್ಕೆ, 'ಮೇಕ್' ಮತ್ತೆ ಕೊಟ್ಟರೆ ಮುಗಿದದ್ದನ್ನು ಬಿಟ್ಟು ಉಳಿದದ್ದನ್ನಷ್ಟೇ ಮಾಡುತ್ತದೆ. ಹೊಸ ಕರ್ನಲನ್ನು ಬೂಟ್ ಫೋಲ್ಡರಿಗೆ ಹಾಕದೆ ಒಂದು ಸಲ ಸುಮ್ನೆ ರೀಬೂಟ್ ಮಾಡಿದ್ದೂ ಆಯಿತು.

ಕಾರ್ಡ್ ಕಂಡಿತು. ಆದರೆ ರೂಟರಿನಿಂದ ತಾನೇ ಅಡ್ರೆಸ್ ಕೇಳಿ ಪಡೆಯೋ ಡಿಎಚ್‌ಸಿಪಿ ಪ್ರೋಗ್ರಾಂ ನಾನು ಕಟ್ಟಿದ ಆವೃತ್ತಿಯಲ್ಲಿ ಇರಲಿಲ್ಲ. ಬೂಟ್ ಆದಮೇಲೆ ಬೇಕಾದ ಪ್ರೋಗ್ರಾಂಗಳನ್ನು ಶುರು ಮಾಡಿ ನೋಡಿಕೊಳ್ಳೋ ಸಿಸ್ಟಮ್‌ಡಿ ಇಲ್ಲದ ಆವೃತ್ತಿ ಅದು. ಕೈಯಿಂದಲೇ ಕೊಟ್ಟೆ: ಕಂಪ್ಯೂಟರಿಗೆ 192.168.1.50, ಗೇಟ್‌ವೇ, ಅಂದರೆ ರೂಟರಿಗೆ, 192.168.1.1. ಗೂಗಲ್‌ನ ಸರ್ವರ್ 8.8.8.8ಕ್ಕೆ 'ಇದ್ದೀಯಾ?' ಅಂತ ಪಿಂಗ್ ಮಾಡಿದರೆ ಉತ್ತರ ಬಂತು. ಯಾವುದಾದರೂ ಸೈಟಿನ ಹೆಸರು ಕೊಟ್ಟರೆ ಮಾತ್ರ 'ಅನ್‌ನೋನ್ ಹೋಸ್ಟ್'.

ಇಲ್ಲಿ ಒಂದು ಸಂಜೆ ಪೂರ್ತಿ ಹೋಯಿತು. ಹೆಸರನ್ನು ನಂಬರ್ ಮಾಡಿಕೊಡೋ ಸರ್ವರಿನ ಅಡ್ರೆಸ್ಸನ್ನು 'ರಿಸಾಲ್ವ್.ಕಾನ್ಫ್' ಫೈಲಿನಲ್ಲಿ ಬರೆಯಬೇಕು. ಬರೆದಿದ್ದೆ, ನಾಲ್ಕು ಸಲ ಓದಿಯೂ ಇದ್ದೆ. ಐದನೇ ಸಲಕ್ಕೆ ಕಣ್ಣಿಗೆ ಬಿತ್ತು. 'ನೇಮ್‌ಸರ್ವರ್' ಅಂತಿರಬೇಕಾದ ಕಡೆ 'ನೇಮ್‌ಸರ್ವರ್ಸ್'! ಒಂದು ಎಸ್ ಜಾಸ್ತಿ. ಗೊತ್ತಿಲ್ಲದ ಪದ ಕಂಡರೆ ಸಿಸ್ಟಮ್ ಆ ಸಾಲನ್ನೇ ಬಿಟ್ಟು ಮುಂದೆ ಹೋಗುತ್ತದೆ, ಬೈಯೋದೂ ಇಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು ಅಲ್ವಾ?

ಪ್ರತಿ ಬೂಟ್‌ಗೂ ಇದೇ ಸೆಟ್ಟಿಂಗ್ ಬರಲಿ ಅಂತ ಸಿಸ್‌ಕಾನ್ಫಿಗ್ ಫೋಲ್ಡರಿನ ಫೈಲಿನಲ್ಲಿ ಬರೆದಿಟ್ಟೆ. ಡೌನ್‌ಲೋಡ್ ಮಾಡೋಕೆ ಡಬ್ಲ್ಯುಗೆಟ್ ಕೂಡ ಇರಲಿಲ್ಲ. ಅದರ ಸೋರ್ಸನ್ನೂ, ಸೈಟು ಅಸಲಿಯೇ ಅಂತ ನೋಡೋಕೆ ಬೇಕಾದ ಸರ್ಟಿಫಿಕೇಟ್‌ಗಳನ್ನೂ ಉಬುಂಟುವಿನಿಂದ ತಂದುಕೊಂಡೆ. ಆಮೇಲೆ ನೋಡಿದರೆ, ಯಾವ ಸೈಟಿನ ಸರ್ಟಿಫಿಕೇಟೂ ಇನ್ನೂ ಚಾಲ್ತಿಗೆ ಬಂದಿಲ್ಲ ಅನ್ನುತ್ತದೆ! 'ಡೇಟ್' ಕೊಟ್ಟೆ. ಕಂಪ್ಯೂಟರ್ ಇನ್ನೂ 2010ರಲ್ಲಿತ್ತು. ಮದರ್‌ಬೋರ್ಡಿನ ಬ್ಯಾಟರಿ ಸತ್ತಿತ್ತು. ಸೂಪರ್ ಮಾರ್ಕೆಟ್‌ಗೆ ಹೋಗಿ ಗುಂಡು ಸೆಲ್ ತಂದು ಹಾಕಿ, ತಾರೀಖು ಸರಿ ಮಾಡಿದೆ. ಮೊದಲು ಇಳಿಸಿಕೊಂಡದ್ದು ಆ ಡಿಎಚ್‌ಸಿಪಿ ಪ್ರೋಗ್ರಾಮನ್ನೇ.