ಆರ್ಕ್ಟಿಕ್ ತೈಲ ಬಾವಿಯ ಶೇರು ಇಟ್ಟುಕೊಂಡವರು ಏನೇನು ನೋಡುತ್ತಿರಬೇಕು

ರಿಗ್, ಅಂದರೆ ತೈಲ ಬಾವಿ ಕೊರೆಯುವ ಯಂತ್ರ, ಹೊರಟಿತು ಅಂತ ಸುದ್ದಿ ಬಂದ ದಿನ ಸಣ್ಣ ತೈಲ ಕಂಪನಿಯ ಶೇರು ಜಿಗಿಯುತ್ತದೆ. ಆದರೆ ಆ ರಿಗ್ ಕೊರೆಯಲಿರುವ ಬಂಡೆಯಲ್ಲಿ ತೈಲ ಇದೆಯೋ ಇಲ್ಲವೋ ಅನ್ನುವುದು ಹಿಂದಿನ ದಿನ ಎಷ್ಟು ಗೊತ್ತಿತ್ತೋ ಇವತ್ತೂ ಅಷ್ಟೇ ಗೊತ್ತು. ನಮ್ಮಲ್ಲಿ ಬೋರ್‌ವೆಲ್ ಲಾರಿ ಅಂಗಳಕ್ಕೆ ಬಂದ ಕೂಡಲೇ ನೀರು ಸಿಕ್ಕಿತು ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಇದನ್ನು ಬರೆಯಲು ಕಾರಣ ಇದೆ. ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯಿಂದ ಗಲ್ಫಿಗೆ ಹೋದ ನಮ್ಮ ಹುಡುಗರ ಫೋನಿನಲ್ಲಿ ಈಗ ಲಂಡನ್, ಸಿಡ್ನಿ ಮಾರುಕಟ್ಟೆಯ ಆ್ಯಪ್‌ಗಳಿವೆ. ಅಲ್ಲಿ ಅಲಾಸ್ಕಾ, ಗ್ರೀನ್‌ಲ್ಯಾಂಡ್ ಅಂತ ಹೇಳಿಕೊಂಡು ಕೆಲವೇ ಪೈಸೆಗೆ ಸಿಗುವ ಶೇರುಗಳಿವೆ. "ಮಾವಾ, ರಿಗ್ ಬುಕ್ ಆಗಿದೆಯಂತೆ, ಇನ್ನು ಸ್ವಲ್ಪ ತಗೊಳ್ಳಲಾ?" ಅಂತ ಅಬುಧಾಬಿಯಿಂದ ನನ್ನ ಅಳಿಯ ಕೇಳಿದ. ಮನೆ ಕಟ್ಟಲು ಕೂಡಿಟ್ಟ ದುಡ್ಡು ಅದು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲು ಬಾವಿ ನೆಲದ ಮೇಲಿನದ್ದೋ ಸಮುದ್ರದ್ದೋ ಕೇಳಿ. ಆರ್ಕ್ಟಿಕ್‌ನಲ್ಲಿ ಕ್ಯಾಲೆಂಡರೇ ಎಲ್ಲ. ಅಲಾಸ್ಕಾದ ನಾರ್ತ್ ಸ್ಲೋಪ್‌ನಲ್ಲಿ ರಸ್ತೆ ಇಲ್ಲದ ಜಾಗಕ್ಕೆ ರಿಗ್ ಸಾಗಿಸುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಆ ನೆಲ ಕೆಸರು, ಭಾರದ ಗಾಡಿ ಹೋದರೆ ಗಿಡಗಳ ಪದರ ಹಾಳಾಗುತ್ತದೆ. ಹಾಗಾಗಿ 30 ಸೆಂಟಿಮೀಟರ್ ಆಳದಲ್ಲಿ ಮಣ್ಣು ಮೈನಸ್ 5 ಡಿಗ್ರಿಗೆ ಇಳಿಯಬೇಕು, ಮೇಲೆ ಕರಾವಳಿ ಭಾಗದಲ್ಲಾದರೆ 6 ಇಂಚು, ಬೆಟ್ಟದ ತಪ್ಪಲಲ್ಲಾದರೆ 9 ಇಂಚು ಹಿಮ ಇರಬೇಕು. ಆಮೇಲೆಯೇ ಅಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ಒಂದೊಂದೇ ಪ್ರದೇಶವನ್ನು ಓಡಾಟಕ್ಕೆ ತೆರೆಯುತ್ತದೆ. ಕೆರೆಯ ನೀರು ಸುರಿದು, ಮಂಜುಗಡ್ಡೆಯ ಚೂರು ಹರಡಿ ಐಸ್ ರಸ್ತೆ ಮಾಡುತ್ತಾರೆ. ವಸಂತ ಬಂದರೆ ರಸ್ತೆಯೇ ಕರಗುತ್ತದೆ. 88 ಎನರ್ಜಿ ಕಂಪನಿಯ ಹಿಕರಿ-1 ಬಾವಿಯನ್ನು 2023ರ ಮಾರ್ಚ್‌ನಲ್ಲಿ ಕೊರೆದರು, ತೈಲ ಎಷ್ಟು ಹರಿಯುತ್ತದೆ ಅಂತ ನೋಡುವ ಪರೀಕ್ಷೆ ಆದದ್ದು 2024ರ ಚಳಿಗಾಲದಲ್ಲಿ. ಶೇರು ಹಿಡಿದವರು ಒಂದು ವರ್ಷ ಕಾಯಬೇಕಾಯಿತು.

ಸಮುದ್ರದಲ್ಲಿ ಇದು ಉಲ್ಟಾ. ಅಲಾಸ್ಕಾದ ವಾಯವ್ಯಕ್ಕಿರುವ ಚುಕ್ಚಿ ಸಮುದ್ರದಲ್ಲೋ ಗ್ರೀನ್‌ಲ್ಯಾಂಡ್ ಪಶ್ಚಿಮದಲ್ಲೋ ಮಂಜು ಕರಗುವ ಬೇಸಿಗೆಯ ಕೆಲವು ತಿಂಗಳಷ್ಟೇ ಸಿಗುತ್ತದೆ. ನಾರ್ವೆಯ ಬಾರೆಂಟ್ಸ್ ಸಮುದ್ರದ ದಕ್ಷಿಣ ಭಾಗ ಮಾತ್ರ ಬೆಚ್ಚಗಿನ ಪ್ರವಾಹದಿಂದಾಗಿ ವರ್ಷವಿಡೀ ತೆರೆದಿರುತ್ತದೆ. ಪೂರ್ವ ಗ್ರೀನ್‌ಲ್ಯಾಂಡ್‌ನ ಜೇಮ್ಸನ್ ಲ್ಯಾಂಡ್ ನೆಲದ ಮೇಲಿದೆ ನಿಜ, ಆದರೆ ಭಾರೀ ಸಾಮಾನು ಹಡಗಿನಲ್ಲೇ ಬರಬೇಕು, ಅಲ್ಲಿನ ಕೊಲ್ಲಿ ವರ್ಷದ ಬಹುಪಾಲು ಹೆಪ್ಪುಗಟ್ಟಿರುತ್ತದೆ. ಅಲ್ಲಿ ಒಂದು ಹಡಗು ತಡವಾದರೆ ಹೋದದ್ದು ಒಂದು ವಾರ ಅಲ್ಲ, ಇಡೀ ಸೀಸನ್. ಗ್ರೀನ್‌ಲ್ಯಾಂಡ್ ಸರ್ಕಾರ 2021ರಲ್ಲಿ ಹೊಸ ತೈಲ ಪರವಾನಗಿ ಕೊಡುವುದನ್ನೇ ನಿಲ್ಲಿಸಿತು, ಹಳೆಯವು ಮಾತ್ರ ಉಳಿದಿವೆ. ಅಂಥ ಕಂಪನಿಯಾದರೆ ಪರವಾನಗಿ ಯಾವತ್ತು ಮುಗಿಯುತ್ತದೆ ಅನ್ನುವ ದಿನಾಂಕವನ್ನು ಮೊದಲು ಬರೆದಿಟ್ಟುಕೊಳ್ಳಿ.

ಇನ್ನು ಪರವಾನಗಿಗಳ ವಿಷಯ. "ಅನುಮತಿ ಸಿಕ್ಕಿದೆ" ಅನ್ನುವ ತಲೆಬರಹ ಓದಿ ಸುಮ್ನೆ ನಿಲ್ಲಬೇಡಿ, ಯಾವುದಕ್ಕೆ ಅನುಮತಿ, ಯಾವ ಷರತ್ತು ಅಂತ ಕೆಳಗೆ ಇಳಿದು ಓದಿ. ಇದಕ್ಕೆ ಅಲಾಸ್ಕಾ ಕಡಲಲ್ಲಿ ಕೊರೆಯಲು ಹೋದ ಶೆಲ್ ಕಂಪನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 2012ರಲ್ಲಿ ಅವರ ತೈಲ ಸೋರಿಕೆ ತಡೆಯುವ ಗುಮ್ಮಟ ಪರೀಕ್ಷೆಯಲ್ಲೇ ಹಾಳಾಯಿತು, ಹಾಗಾಗಿ ಬಾವಿಯ ಮೇಲ್ಭಾಗ ಮಾತ್ರ ಕೊರೆಯಲು ಆಯಿತು. ಆ ವರ್ಷದ ಕೊನೆಯ ದಿನ ಕುಲ್ಲುಕ್ ರಿಗ್ ಎಳೆದು ತರುವಾಗ ಬಿರುಗಾಳಿಗೆ ಸಿಕ್ಕಿ ಕೋಡಿಯಾಕ್ ದ್ವೀಪದ ಹತ್ತಿರ ದಡಕ್ಕೆ ಬಡಿಯಿತು. 2015ರಲ್ಲಿ ಮತ್ತೆ ಬಂದರು. ಜುಲೈನಲ್ಲಿ ಅನುಮತಿ ಸಿಕ್ಕಿತು, ಅದೂ ಮೇಲ್ಭಾಗಕ್ಕೆ ಮಾತ್ರ. ಯಾಕೆಂದರೆ ಬಾವಿ ಸಿಡಿದರೆ ಮುಚ್ಚುವ ಉಪಕರಣ ಇದ್ದ ಫೆನ್ನಿಕಾ ಹಡಗಿನ ತಳದಲ್ಲಿ ಸುಮಾರು ಒಂದು ಮೀಟರ್ ಉದ್ದದ ಸೀಳು ಬಿದ್ದಿತ್ತು. ಆ ಹಡಗು ರಿಪೇರಿಗೆ ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ವರೆಗೆ ಹೋಗಬೇಕಾಯಿತು, ವಾಪಸ್ ಹೊರಡುವಾಗ ಪ್ರತಿಭಟನಾಕಾರರು ಸೇತುವೆಯಿಂದ ಹಗ್ಗದಲ್ಲಿ ನೇತಾಡಿ ದಾರಿ ಅಡ್ಡಗಟ್ಟಿದರು. ಕೆಳಗಿನ ತನಕ ಕೊರೆಯುವ ಅನುಮತಿ ಬಂದದ್ದು ಆಗಸ್ಟ್ 17ಕ್ಕೆ. ಹಡಗಿನ ಒಂದು ಸೀಳು ಅಷ್ಟು ದೊಡ್ಡ ಕಂಪನಿಯ ಸೀಸನ್ನಿನ ಹಲವು ವಾರ ತಿಂದುಹಾಕಿತು.

ಮುಂದಿನದು ಇನ್ನೂ ಮುಖ್ಯ. ಬರ್ಗರ್ ಜೆ ಅನ್ನುವ ಆ ಬಾವಿ 6,800 ಅಡಿ ಇಳಿಯಿತು. ತೈಲ, ಅನಿಲದ ಗುರುತು ಸಿಕ್ಕಿತು, ಆದರೆ ಮುಂದುವರಿಯುವಷ್ಟು ಇರಲಿಲ್ಲ. ಸೆಪ್ಟೆಂಬರ್ 28ರಂದು ಶೆಲ್ ಕೈಬಿಟ್ಟಿತು. ಅಷ್ಟು ಹೊತ್ತಿಗೆ ಸುಮಾರು 700 ಕೋಟಿ ಡಾಲರ್ ಖರ್ಚಾಗಿತ್ತು. ತಯಾರಿ ಎಲ್ಲ ಮುಗಿದು, ಕೊನೆಯ ಅನುಮತಿಯೂ ಸಿಕ್ಕಿದ ಮೇಲೆ ಬಂದ ಉತ್ತರ ಇದು. ರಾಜಸ್ಥಾನದ ಮಂಗಳಾ ತೈಲ ಹುಡುಕಿದ ಕೇರ್ನ್ ಎನರ್ಜಿ ನಿಮಗೆ ನೆನಪಿರಬಹುದು. ಅದೇ ಕಂಪನಿ 2010 ಮತ್ತು 2011ರಲ್ಲಿ ಗ್ರೀನ್‌ಲ್ಯಾಂಡ್ ಕಡಲಲ್ಲಿ 8 ಬಾವಿ ಕೊರೆಯಿತು, ಒಂದರಲ್ಲೂ ವ್ಯಾಪಾರಕ್ಕೆ ಆಗುವಷ್ಟು ಸಿಗಲಿಲ್ಲ. ಭಾರೀ ನಿರೀಕ್ಷೆ ಇದ್ದ ನಾರ್ವೆಯ ಕೋರ್ಪ್‌ಫಿಯೆಲ್ ಬಾವಿಯಲ್ಲಿ 2017ರಲ್ಲಿ ಸಿಕ್ಕಿದ್ದು ಸ್ವಲ್ಪ ಅನಿಲ. ಹಾಗಂತ ಆರ್ಕ್ಟಿಕ್ ಪೂರ್ತಿ ಬರಡಲ್ಲ. ಬಾರೆಂಟ್ಸ್ ಸಮುದ್ರದಲ್ಲಿ 2011ರಲ್ಲಿ ಪತ್ತೆಯಾದ ತೈಲ ನಿಕ್ಷೇಪ ಯೋಹಾನ್ ಕಾಸ್ಟ್‌ಬರ್ಗ್‌ನಿಂದ 2025ರ ಮಾರ್ಚ್‌ನಲ್ಲಿ ತೈಲ ಬರಲು ಶುರುವಾಯಿತು. ಸಿಕ್ಕಿದ ಮೇಲೂ 14 ವರ್ಷ! ಪೈಸೆ ಶೇರಿನ ಕಂಪನಿ ಅಷ್ಟು ವರ್ಷ ಹೇಗೆ ಬದುಕುತ್ತದೆ ಅಂತ ನೀವೇ ಕೇಳಿಕೊಳ್ಳಿ.

ಕಂಪನಿಯ ಪ್ರಕಟಣೆ ನಂಬುವ ಮೊದಲು ಸರ್ಕಾರಿ ದಾಖಲೆ ನೋಡಿ, ಹೆಚ್ಚಿನವು ಉಚಿತ. ಅಲಾಸ್ಕಾದಲ್ಲಿ ಕೊರೆಯುವ ಅನುಮತಿ ಕೊಡುವುದು ಆಯಿಲ್ ಅಂಡ್ ಗ್ಯಾಸ್ ಕನ್ಸರ್ವೇಶನ್ ಕಮಿಷನ್. ನಾರ್ವೆಯಲ್ಲಿ ಆಫ್‌ಶೋರ್ ಡೈರೆಕ್ಟರೇಟ್‌ನ ಫ್ಯಾಕ್ಟ್‌ಪೇಜಸ್‌ನಲ್ಲಿ ಪ್ರತಿ ಬಾವಿಗೂ ಒಂದು ಪುಟ ಇದೆ, ಸುರಕ್ಷತೆಯ ಒಪ್ಪಿಗೆಯನ್ನು ಹಾವ್‌ಟಿಲ್ ಅನ್ನುವ ಇನ್ನೊಂದು ಸರ್ಕಾರಿ ಸಂಸ್ಥೆ ಕೊಡುತ್ತದೆ. ಕಂಪನಿ "ಶೀಘ್ರದಲ್ಲೇ" ಅನ್ನುತ್ತಿದ್ದರೆ, ಅರ್ಜಿ ಅಲ್ಲಿ ಬಿದ್ದಿದೆಯಾ ಅಂತ ನೋಡಿದರೆ ಸಾಕು.

ದುಡ್ಡಿನ ಲೆಕ್ಕಕ್ಕೆ ಜಾಸ್ತಿ ಹೊತ್ತು ಕೊಡಿ. ಸಿಡ್ನಿಯಲ್ಲಿ ನೋಂದಾಯಿತ ಅನ್ವೇಷಣಾ ಕಂಪನಿಗಳು ಮೂರು ತಿಂಗಳಿಗೊಮ್ಮೆ ಅಪೆಂಡಿಕ್ಸ್ 5ಬಿ ಅನ್ನುವ ನಗದು ಲೆಕ್ಕ ಕೊಡಬೇಕು. ಅದರ ಕೊನೆಯ ಭಾಗದಲ್ಲಿ ಕೈಯಲ್ಲಿರುವ ದುಡ್ಡು ಇನ್ನೆಷ್ಟು ತ್ರೈಮಾಸಿಕಕ್ಕೆ ಸಾಕು ಅನ್ನುವ ಸಂಖ್ಯೆ ಇರುತ್ತದೆ. ಅದು 2ಕ್ಕಿಂತ ಕಡಿಮೆ ಇದ್ದರೆ ದುಡ್ಡು ಎಲ್ಲಿಂದ ತರುತ್ತೀರಿ ಅಂತ ಕಂಪನಿ ಉತ್ತರಿಸಲೇಬೇಕು. ನಾನು ವರದಿಯ ಬಣ್ಣದ ಚಿತ್ರ ಬಿಟ್ಟು ಮೊದಲು ಹೋಗುವುದು ಅಲ್ಲಿಗೇ. ಬಾವಿಯ ಖರ್ಚಿಗಿಂತ ನಗದು ಕಡಿಮೆ ಇದ್ದರೆ ಎರಡೇ ದಾರಿ. ಒಂದು, ಪಾಲುದಾರ ಬಂದು ಖರ್ಚು ಹೊತ್ತು ಪಾಲು ತೆಗೆದುಕೊಳ್ಳುವುದು. ಇನ್ನೊಂದು, ಹೊಸ ಶೇರು ಕಡಿಮೆ ಬೆಲೆಗೆ ಹಂಚುವುದು. ಶೇರು ಏರಿದ ಬೆನ್ನಲ್ಲೇ ಟ್ರೇಡಿಂಗ್ ಹಾಲ್ಟ್ (ಶೇರಿನ ವ್ಯವಹಾರ ತಾತ್ಕಾಲಿಕವಾಗಿ ನಿಲ್ಲಿಸುವುದು) ಬಂದರೆ ಬಹಳ ಸಲ ಹಿಂದೆ ಇರುವುದು ಈ ಎರಡನೆಯದೇ. ದೊಡ್ಡ ಪಾಲುದಾರ ತನ್ನ ದುಡ್ಡು ಹಾಕಿದ್ದರೆ ನನಗೆ ಸ್ವಲ್ಪ ಧೈರ್ಯ ಬರುತ್ತದೆ, ಅವನ ಭೂವಿಜ್ಞಾನಿಗಳೂ ಒಮ್ಮೆ ನೋಡಿದ್ದಾರೆ ಅಂತ.

ಬ್ಯಾರೆಲ್ ಸಂಖ್ಯೆ ಓದುವುದನ್ನು ಲೆಕ್ಕ ಮಾಡಿಯೇ ತೋರಿಸುತ್ತೇನೆ. "50 ಕೋಟಿ ಬ್ಯಾರೆಲ್, ಗ್ರಾಸ್, ಅನ್‌ರಿಸ್ಕ್ಡ್, ಪ್ರಾಸ್ಪೆಕ್ಟಿವ್ ರಿಸೋರ್ಸ್" ಅಂತ ಬರೆದಿದೆ ಅಂದುಕೊಳ್ಳಿ. ಗ್ರಾಸ್ ಅಂದರೆ ಎಲ್ಲ ಪಾಲುದಾರರದ್ದು ಸೇರಿ. ಕಂಪನಿಯ ಪಾಲು ಅರ್ಧ ಆದರೆ 25 ಕೋಟಿ. ಆರರಲ್ಲಿ ಒಂದು ಪಾಲು ರಾಯಲ್ಟಿಗೆ, ಅಂದರೆ ನೆಲದ ಒಡೆಯರಿಗೆ ಕೊಡುವ ಪಾಲಿಗೆ, ಹೋದರೆ ಸುಮಾರು 20.8 ಕೋಟಿ. ಅನ್‌ರಿಸ್ಕ್ಡ್ ಅಂದರೆ ಸಿಗದೇ ಹೋಗುವ ಸಾಧ್ಯತೆಯನ್ನು ಇನ್ನೂ ಕಳೆದಿಲ್ಲ. ಭೂವಿಜ್ಞಾನಿ 20% ಸಾಧ್ಯತೆ ಕೊಟ್ಟಿದ್ದರೆ ಉಳಿಯುವುದು ಸುಮಾರು 4.2 ಕೋಟಿ. ಪ್ರಾಸ್ಪೆಕ್ಟಿವ್ ಅಂದರೆ ಬಾವಿ ಕೊರೆದು ನೋಡಿಯೇ ಇಲ್ಲ. ಕೊರೆದು ಸಿಕ್ಕಿದರೆ ಕಂಟಿಂಜೆಂಟ್, ಲಾಭಕ್ಕೆ ತೆಗೆಯಬಹುದು ಅಂತ ಖಾತ್ರಿಯಾದರೆ ರಿಸರ್ವ್. ತಲೆಬರಹದ 50 ಕೋಟಿಯನ್ನು ತೈಲದ ಬೆಲೆಯಿಂದ ಗುಣಿಸಿ ಕನಸು ಕಾಣುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸುದ್ದಿಯ ಹೊತ್ತು ತಿಳಿದಿರಲಿ. ಲಂಡನ್ ಪ್ರಕಟಣೆಗಳು ಹೆಚ್ಚಾಗಿ ಅಲ್ಲಿನ ಬೆಳಿಗ್ಗೆ 7ಕ್ಕೆ, ಅಂದರೆ ಚಳಿಗಾಲದಲ್ಲಿ ನಮ್ಮ ಮಧ್ಯಾಹ್ನ 12:30ಕ್ಕೆ. ಜನವರಿಯಿಂದ ಮಾರ್ಚ್‌ವರೆಗೆ ಸಿಡ್ನಿ ಮಾರುಕಟ್ಟೆ ತೆರೆಯುವಾಗ ಇಲ್ಲಿ ಬೆಳಗಿನ ಜಾವ 4:30. ಫಲಿತಾಂಶಕ್ಕೆ ಮೊದಲು ವ್ಯವಹಾರ ನಿಲ್ಲಿಸಿ, ಮತ್ತೆ ತೆರೆಯುವಾಗ ಬೆಲೆ ಅರ್ಧಕ್ಕಿಂತ ಕೆಳಗೆ ಇದ್ದರೂ ಇರಬಹುದು. ಬೆಲೆ ಇಷ್ಟಕ್ಕೆ ಇಳಿದರೆ ಮಾರು ಅಂತ ಮೊದಲೇ ಸ್ಟಾಪ್ ಲಾಸ್ ಹಾಕಿದ್ದರೂ ಆ ಬೆಲೆಗೆ ಮಾರಾಟ ಆಗುವುದಿಲ್ಲ. ಹಾಗಾಗಿ ಕೊರೆಯಲು ಶುರುವಾಗುವ ಮೊದಲೇ, ತಲೆ ತಣ್ಣಗಿರುವಾಗ, ಎಷ್ಟು ಮಾರುವುದು ಎಷ್ಟು ಇಡುವುದು ಅಂತ ಬರೆದಿಡಿ. ಬೆಲೆ ದುಪ್ಪಟ್ಟಾಗಿದ್ದರೆ ಡ್ರಿಲ್ ಗುರಿಯ ಪದರ ಮುಟ್ಟುವ ಮೊದಲು ಅರ್ಧ ಮಾರಿ ಅಸಲು ತೆಗೆಯುವುದು ನನ್ನ ಅಭ್ಯಾಸ. ಅಳಿಯನಿಗೂ ಅದನ್ನೇ ಹೇಳಿದ್ದೇನೆ.

ಕೊರೆಯುವಾಗ ಬರುವ ಮಾತುಗಳಲ್ಲಿ "ಶೋಸ್" ಅಂದರೆ ಮೇಲೆ ಬಂದ ಕಲ್ಲಿನ ಪುಡಿಯಲ್ಲಿ, ಕೊರೆಯುವಾಗ ಬಾವಿಗೆ ಬಿಡುವ ಕೆಸರಿನಲ್ಲಿ (ಮಡ್) ತೈಲದ ಗುರುತು ಕಂಡಿದೆ ಅಂತ ಮಾತ್ರ. ಆಮೇಲೆ ತಂತಿಯಲ್ಲಿ ಉಪಕರಣ ಇಳಿಸಿ ಅಳೆಯುವ ವೈರ್‌ಲೈನ್ ಲಾಗಿಂಗ್‌ನಲ್ಲಿ ಪದರದ ದಪ್ಪ, ರಂಧ್ರಗಳ ಪ್ರಮಾಣ ಗೊತ್ತಾಗುತ್ತದೆ. ಬಂಡೆಯಲ್ಲಿ ತೈಲ ಇದ್ದೂ ಅದು ಹರಿಯದೇ ಇದ್ದರೆ ಪ್ರಯೋಜನ ಇಲ್ಲ, ಅದು ತಿಳಿಯುವುದು ಹರಿವಿನ ಪರೀಕ್ಷೆಯಲ್ಲಿ. ದಿನಕ್ಕೆ ಎಷ್ಟು ಬ್ಯಾರೆಲ್, ಎಷ್ಟು ಗಂಟೆ ಹರಿಯಿತು, ಜೊತೆಗೆ ನೀರು ಎಷ್ಟು ಬಂತು ಈ ಮೂರನ್ನೂ ನೋಡಿ. ಮೊದಲನೆಯದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದ್ದರೆ ಉಳಿದ ಎರಡನ್ನು ಹುಡುಕಿ ಓದಿ.

ಕೊನೆಗೆ ನಮ್ಮ ಕಡೆಯ ಕಾಗದಪತ್ರ. ಊರಲ್ಲಿದ್ದು ಕೊಳ್ಳುವವರು ವಿದೇಶಕ್ಕೆ ಹಣ ಕಳುಹಿಸಲು ರಿಸರ್ವ್ ಬ್ಯಾಂಕ್ ಬಿಡುವ ಎಲ್‌ಆರ್‌ಎಸ್ ಯೋಜನೆಯಡಿ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳುಹಿಸಬಹುದು, ಆ ದುಡ್ಡಿನಲ್ಲಿ ಮಾರ್ಜಿನ್ ಟ್ರೇಡಿಂಗ್ (ಬ್ರೋಕರ್ ಹತ್ತಿರ ಸಾಲ ಮಾಡಿ ಕೊಳ್ಳುವುದು) ಮಾಡುವಂತಿಲ್ಲ. ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎಯಲ್ಲಿ ಈ ಶೇರುಗಳನ್ನು ತೋರಿಸಬೇಕು, ನಷ್ಟದಲ್ಲಿದ್ದರೂ ಸರಿ, ಇಲ್ಲದಿದ್ದರೆ ಕಪ್ಪುಹಣ ಕಾಯ್ದೆಯಡಿ ದಂಡ ಬೀಳಬಹುದು. ಗಲ್ಫಿನಲ್ಲಿದ್ದಾಗ ಕೊಂಡು ಈಗ ಊರಿಗೆ ವಾಪಸ್ ಬಂದವರು ಇದನ್ನು ಮರೆಯುವುದೇ ಜಾಸ್ತಿ. ನೀವು ಯಾವ ವರ್ಷದಿಂದ ಪೂರ್ತಿ ನಿವಾಸಿ ಅಂತ ಲೆಕ್ಕಕ್ಕೆ ಬರುತ್ತೀರಿ ಅಂತ ಆಡಿಟರ್ ಹತ್ತಿರ ಕೇಳಿ, ಹೋಗುವಾಗ ಬ್ರೋಕರ್‌ನ ಜನವರಿಯಿಂದ ಡಿಸೆಂಬರ್‌ವರೆಗಿನ ಸ್ಟೇಟ್‌ಮೆಂಟ್ ತೆಗೆದುಕೊಂಡು ಹೋಗಿ, ಆ ಶೆಡ್ಯೂಲ್ ಕೇಳುವುದು ಕ್ಯಾಲೆಂಡರ್ ವರ್ಷದ ಲೆಕ್ಕ.